ಸೂಜಿ ಕೊರಳಿಗೆ ಸರಿದ ಬಗೆ

ನಮ್ಮ ಮನೆಯ ಹಸುವಿಗೆ ವೈದ್ಯರು ತೊಡೆಗೆ ಸೂಜಿ ಚುಚ್ಚಿದ್ದನ್ನು ಬಾಲ್ಯದಲ್ಲಿ ಕಂಡಿದ್ದೆ. ಅಮೆರಿಕದ ಫೀಡ್‌ಲಾಟ್ ಎಂಬ ದನ ಕೊಬ್ಬಿಸುವ ದೊಡ್ಡಿಗಳಲ್ಲಿಯೂ ಅದೇ ರೂಢಿಯಿತ್ತು. ಹಿಂಭಾಗವೇ ಸುಲಭವಾಗಿ ಕೈಗೆಟಕುವುದಷ್ಟೆ. 1991ರಲ್ಲಿ ಅಲ್ಲಿ ನಡೆದ ಮೊದಲ ರಾಷ್ಟ್ರೀಯ ಗೋಮಾಂಸ ಗುಣಮಟ್ಟ ಪರಿಶೋಧನೆಯು ಈ ಸೂಜಿಗಾಯಗಳನ್ನು ದೊಡ್ಡ ಕೊರತೆಯೆಂದೇ ಎಣಿಸಿತು. ಹೊರಗೆ ಏನೂ ಕಾಣದು. ಒಳಗೆ ಸ್ನಾಯು ಗಂಟುಗಟ್ಟಿರುತ್ತದೆ. ಕರುವಾಗಿದ್ದಾಗ ಚುಚ್ಚಿದ ಗುರುತು ವಧೆಯವರೆಗೂ ಉಳಿಯಬಲ್ಲದು, ಸುತ್ತ 3 ಅಂಗುಲದವರೆಗೆ ಮಾಂಸ ಬಿರುಸಾಗಬಲ್ಲದು ಎಂದು ಕೊಲರಾಡೋ ರಾಜ್ಯ ವಿಶ್ವವಿದ್ಯಾಲಯದ ಸಂಶೋಧಕರು ಕಂಡುಕೊಂಡರು. ಸೂಜಿ ಕೊರಳಿಗೆ ಸರಿಯಿತು. ಸಾಧ್ಯವಾದರೆ ಚರ್ಮದಡಿಗೆ, ಒಂದೆಡೆ 10 ಮಿಲಿಲೀಟರ್ ಮೀರದಂತೆ. ಬಾಗಿದ ಸೂಜಿಯನ್ನು ನೆಟ್ಟಗೆ ಮಾಡಿ ಮತ್ತೆ ಬಳಸಕೂಡದು. ಈ ಎಚ್ಚರವನ್ನು ತಂದದ್ದು ದನದ ನೋವಿಗಿಂತ ಮಾಂಸದ ನಷ್ಟವೇ ಎಂಬುದು ನನ್ನನ್ನು ಕಾಡುತ್ತದೆ. ನಮ್ಮ ಹಸು ಅಂದು ಎರಡು ದಿನ ಕುಂಟಿತ್ತು.