ಭಾರತದ ಮಾಹಿತಿ ತಂತ್ರಜ್ಞಾನ ಉದ್ಯೋಗಿಗಳ ವೇತನ

ಭಾರತದ ಮಾಹಿತಿ ತಂತ್ರಜ್ಞಾನ ಉದ್ಯೋಗಿಗಳ ವೇತನ ಎಂಬುದು ತಂತ್ರಾಂಶ ಅಭಿವೃದ್ಧಿ, ಪರೀಕ್ಷೆ, ನಿರ್ವಹಣೆ, ದತ್ತಾಂಶ ವಿಶ್ಲೇಷಣೆ ಮತ್ತು ಸಂಬಂಧಿತ ಸೇವೆಗಳಲ್ಲಿ ದುಡಿಯುವವರಿಗೆ ದೊರೆಯುವ ಸಂಬಳ, ಭತ್ಯೆ, ಷೇರು ಹಾಗೂ ಇತರ ಸೌಲಭ್ಯಗಳನ್ನು ಒಳಗೊಳ್ಳುತ್ತದೆ. ಉದ್ಯಮ ಸಂಘಟನೆಯಾದ ನಾಸ್ಕಾಂ ಅಂದಾಜಿನ ಪ್ರಕಾರ 2024–25ರಲ್ಲಿ ಈ ಕ್ಷೇತ್ರದಲ್ಲಿ ಸುಮಾರು 58 ಲಕ್ಷ ಮಂದಿ ಕೆಲಸ ಮಾಡುತ್ತಿದ್ದರು. ಬೆಂಗಳೂರು ಈ ಉದ್ಯಮದ ಅತಿ ದೊಡ್ಡ ಕೇಂದ್ರವಾಗಿದೆ. ಹೈದರಾಬಾದ್, ಪುಣೆ, ಚೆನ್ನೈ ಮತ್ತು ದೆಹಲಿಯ ಸುತ್ತಲಿನ ನಗರಗಳು ಇತರ ಪ್ರಮುಖ ಕೇಂದ್ರಗಳಾಗಿವೆ.

ಜನಬಳಕೆಯಲ್ಲಿ 'ಐಟಿ ಸಂಬಳ' ಎಂದರೆ ದೊಡ್ಡ ಸಂಬಳ ಎಂದೇ ಅರ್ಥ. ವಾಸ್ತವದಲ್ಲಿ ಈ ಕ್ಷೇತ್ರದೊಳಗಿನ ಅಂತರ ಬಹಳ ದೊಡ್ಡದು. ಒಂದೇ ಕಾಲೇಜಿನಿಂದ ಒಂದೇ ವರ್ಷ ಹೊರಬಂದ ಇಬ್ಬರಲ್ಲಿ ಒಬ್ಬರು ಸೇವಾ ಕಂಪನಿಗೂ ಮತ್ತೊಬ್ಬರು ಉತ್ಪನ್ನ ಕಂಪನಿಗೂ ಸೇರಿದರೆ, ಮೊದಲ ದಿನದಿಂದಲೇ ಅವರ ವೇತನದಲ್ಲಿ ನಾಲ್ಕೈದು ಪಟ್ಟು ವ್ಯತ್ಯಾಸವಿರುವುದು ಅಪರೂಪವಲ್ಲ. ದೊಡ್ಡ ಸೇವಾ ಕಂಪನಿಗಳ ಆರಂಭಿಕ ವೇತನವು ಒಂದು ದಶಕಕ್ಕೂ ಹೆಚ್ಚು ಕಾಲ ಬಹುತೇಕ ನಿಂತಲ್ಲೇ ನಿಂತಿರುವುದು ಈ ವಿಷಯದಲ್ಲಿ ಅತ್ಯಂತ ಹೆಚ್ಚು ಚರ್ಚೆಗೆ ಒಳಗಾದ ಸಂಗತಿಯಾಗಿದೆ.

ಹಿನ್ನೆಲೆ

ಟಾಟಾ ಕನ್ಸಲ್ಟೆನ್ಸಿ ಸರ್ವೀಸಸ್ 1968ರಲ್ಲಿಯೂ ಇನ್ಫೋಸಿಸ್ 1981ರಲ್ಲಿಯೂ ಆರಂಭವಾದವು. 1985ರಲ್ಲಿ ಅಮೆರಿಕದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿನಲ್ಲಿ ತನ್ನ ಕೇಂದ್ರವನ್ನು ತೆರೆಯಿತು. ಆ ಕಾಲದಲ್ಲಿ ಎಂಜಿನಿಯರ್ ಪದವೀಧರರ ಕಣ್ಣು ಬೆಂಗಳೂರಿನ ಎಚ್‌ಎಎಲ್, ಬಿಇಎಲ್, ಐಟಿಐ, ಎಚ್‌ಎಂಟಿಯಂತಹ ಸಾರ್ವಜನಿಕ ಉದ್ದಿಮೆಗಳ ಮೇಲಿತ್ತು; ಅಲ್ಲಿ ಸಂಬಳದ ಜೊತೆಗೆ ವಸತಿಗೃಹ, ನಿವೃತ್ತಿ ಸೌಲಭ್ಯ ಮತ್ತು ಕೆಲಸದ ಭದ್ರತೆ ದೊರೆಯುತ್ತಿತ್ತು.

1991ರ ಆರ್ಥಿಕ ಸುಧಾರಣೆ, ರೂಪಾಯಿಯ ಅಪಮೌಲ್ಯ ಮತ್ತು ಅದೇ ವರ್ಷ ಸ್ಥಾಪನೆಯಾದ ಭಾರತೀಯ ತಂತ್ರಾಂಶ ತಂತ್ರಜ್ಞಾನ ಪಾರ್ಕುಗಳ ವ್ಯವಸ್ಥೆ ಈ ಚಿತ್ರವನ್ನು ಬದಲಿಸಿದವು. ಆದಾಯ ಡಾಲರಿನಲ್ಲಿ ಬಂದು ವೆಚ್ಚ ರೂಪಾಯಿಯಲ್ಲಿ ಆಗುವ ವ್ಯವಹಾರದಲ್ಲಿ, ಸ್ಥಳೀಯ ಮಾರುಕಟ್ಟೆಗಿಂತ ಹೆಚ್ಚು ಸಂಬಳ ಕೊಟ್ಟ ಮೇಲೂ ಕಂಪನಿಗೆ ಸಾಕಷ್ಟು ಲಾಭ ಉಳಿಯುತ್ತಿತ್ತು. ಇನ್ಫೋಸಿಸ್ 1990ರ ದಶಕದ ಮಧ್ಯದಲ್ಲಿ ಉದ್ಯೋಗಿಗಳಿಗೆ ಷೇರು ಹಂಚುವ ಯೋಜನೆಯನ್ನು ವಿಸ್ತಾರವಾಗಿ ಜಾರಿಗೆ ತಂದಿತು. 1999ರಲ್ಲಿ ಆ ಕಂಪನಿ ನಾಸ್‌ಡಾಕ್ ಪಟ್ಟಿಗೆ ಸೇರಿದ ಹೊತ್ತಿನ ಷೇರು ಏರಿಕೆಯಿಂದ ಅನೇಕ ಸಾಮಾನ್ಯ ನೌಕರರೂ ಶ್ರೀಮಂತರಾದರು. ಮಧ್ಯಮ ವರ್ಗದ ಮನೆಗಳಲ್ಲಿ ಎಂಜಿನಿಯರಿಂಗ್ ಸೀಟಿಗೆ ಬಂದ ಬೆಲೆಯಲ್ಲಿ ಆ ವರ್ಷಗಳ ನೆನಪಿನ ಪಾಲು ದೊಡ್ಡದು.

ವೇತನದ ರಚನೆ

ನೇಮಕಾತಿ ಪತ್ರದಲ್ಲಿ ಕಾಣುವ ವಾರ್ಷಿಕ ಮೊತ್ತವನ್ನು ಸಾಮಾನ್ಯವಾಗಿ ಸಿಟಿಸಿ, ಅಂದರೆ ಉದ್ಯೋಗಿಗಾಗಿ ಕಂಪನಿ ಮಾಡುವ ಒಟ್ಟು ವೆಚ್ಚ, ಎಂದು ಕರೆಯುತ್ತಾರೆ. ಇದು ಕೈಗೆ ಬರುವ ಸಂಬಳವಲ್ಲ. ಮೂಲ ವೇತನ, ಮನೆ ಬಾಡಿಗೆ ಭತ್ಯೆ ಮತ್ತು ವಿಶೇಷ ಭತ್ಯೆಗಳ ಜೊತೆಗೆ ಭವಿಷ್ಯ ನಿಧಿಗೆ ಕಂಪನಿ ಕಟ್ಟುವ ಪಾಲು, ಗ್ರಾಚ್ಯುಟಿ, ವಿಮೆಯ ಕಂತು ಹಾಗೂ ಸಾಧನೆಯನ್ನು ಅವಲಂಬಿಸಿದ ಚರ ವೇತನವೂ ಇದರೊಳಗೆ ಸೇರಿರುತ್ತವೆ.

ಉದಾಹರಣೆಗೆ, ವರ್ಷಕ್ಕೆ 3,60,000 ರೂಪಾಯಿ ಸಿಟಿಸಿ ಇರುವ ಹೊಸ ಉದ್ಯೋಗಿಯ ತಿಂಗಳ ಲೆಕ್ಕ 30,000 ರೂಪಾಯಿ ಆಗುತ್ತದೆ. ಇದರಲ್ಲಿ ಮೂಲ ವೇತನ 15,000 ಎಂದಿಟ್ಟುಕೊಂಡರೆ, ಭವಿಷ್ಯ ನಿಧಿಗೆ ಕಂಪನಿಯ ಪಾಲು ಶೇ. 12ರಂತೆ 1,800, ಗ್ರಾಚ್ಯುಟಿ ಶೇ. 4.81ರಂತೆ 721 ರೂಪಾಯಿ ಪಕ್ಕಕ್ಕೆ ಹೋಗುತ್ತದೆ. ಚರ ವೇತನಕ್ಕೆ 1,500 ಮತ್ತು ವಿಮೆಗೆ 300 ಎತ್ತಿಟ್ಟರೆ ಉಳಿಯುವುದು 25,679. ಅದರಿಂದ ಉದ್ಯೋಗಿಯ ಸ್ವಂತ ಭವಿಷ್ಯ ನಿಧಿ ಪಾಲು 1,800 ಹಾಗೂ ಕರ್ನಾಟಕದ ವೃತ್ತಿ ತೆರಿಗೆ 200 ಕಳೆದು ಬ್ಯಾಂಕ್ ಖಾತೆಗೆ ಜಮೆಯಾಗುವುದು 23,679 ರೂಪಾಯಿ. ಪೇಯಿಂಗ್ ಗೆಸ್ಟ್ ವಸತಿಯ ಬಾಡಿಗೆ, ಊಟ ಮತ್ತು ಓಡಾಟದ ಖರ್ಚು ಕಳೆದರೆ ಬೆಂಗಳೂರಿನಲ್ಲಿ ಊರಿಗೆ ಕಳಿಸಲು ಮಿಗುವುದು ಅಲ್ಪವೇ. ಭವಿಷ್ಯ ನಿಧಿ ನಷ್ಟವಲ್ಲ, ಉಳಿತಾಯವೇ. ಆದರೆ ಗ್ರಾಚ್ಯುಟಿಗೆ ಬಹುಕಾಲ ಐದು ವರ್ಷದ ನಿರಂತರ ಸೇವೆ ಅಗತ್ಯವಾಗಿತ್ತು. ಎರಡು ಮೂರು ವರ್ಷಕ್ಕೊಮ್ಮೆ ಕಂಪನಿ ಬದಲಿಸುವ ಈ ಕ್ಷೇತ್ರದಲ್ಲಿ ಸಿಟಿಸಿಯಲ್ಲಿ ಲೆಕ್ಕ ಹಾಕಿದ ಆ ಹಣ ಅನೇಕರ ಕೈಸೇರುತ್ತಲೇ ಇರಲಿಲ್ಲ.

2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳು ಎರಡು ಬದಲಾವಣೆಗಳನ್ನು ತಂದವು. ಭತ್ಯೆಗಳು ಒಟ್ಟು ಸಂಭಾವನೆಯ ಅರ್ಧವನ್ನು ಮೀರಿದರೆ, ಮೀರಿದ ಭಾಗವನ್ನೂ 'ವೇತನ'ವೆಂದೇ ಪರಿಗಣಿಸಬೇಕು. ಮೂಲ ವೇತನವನ್ನು ಚಿಕ್ಕದಾಗಿಟ್ಟು ಭತ್ಯೆಗಳನ್ನು ಉಬ್ಬಿಸುವ ಹಳೆಯ ಪದ್ಧತಿಗೆ ಇದು ತಡೆಯಾಗಿದೆ. ನಿಗದಿತ ಅವಧಿಯ ಒಪ್ಪಂದದ ಮೇಲೆ ನೇಮಕವಾದವರಿಗೆ ಒಂದು ವರ್ಷದ ಸೇವೆಯ ನಂತರ ಗ್ರಾಚ್ಯುಟಿಯ ಹಕ್ಕು ದೊರೆಯುತ್ತದೆ.

ಮನೆ ಬಾಡಿಗೆ ಭತ್ಯೆಯ ವಿಷಯದಲ್ಲಿ ಬೆಂಗಳೂರಿನವರಿಗೆ ಹಳೆಯದೊಂದು ಅಸಮಾಧಾನವಿದೆ. 1962ರ ಆದಾಯ ತೆರಿಗೆ ನಿಯಮಗಳು ದೆಹಲಿ, ಮುಂಬಯಿ, ಕೋಲ್ಕತಾ ಮತ್ತು ಚೆನ್ನೈ ವಾಸಿಗಳಿಗೆ ವೇತನದ ಶೇ. 50ರವರೆಗೆ ವಿನಾಯಿತಿಯ ಮಿತಿ ನೀಡಿದ್ದರೆ, ಬೆಂಗಳೂರನ್ನು ಶೇ. 40ರ ಪಟ್ಟಿಯಲ್ಲೇ ಇಟ್ಟಿದ್ದವು.

ವೇತನವನ್ನು ನಿರ್ಧರಿಸುವ ಅಂಶಗಳು

ಕಂಪನಿಯ ಸ್ವರೂಪವು ಎಲ್ಲಕ್ಕಿಂತ ಮುಖ್ಯವಾದ ಅಂಶವಾಗಿದೆ. ಸೇವಾ ಕಂಪನಿಯು ಗ್ರಾಹಕ ಸಂಸ್ಥೆಗೆ ಉದ್ಯೋಗಿಗಳ ಗಂಟೆಗಳನ್ನು ಮಾರುತ್ತದೆ. ಗ್ರಾಹಕರು ಒಪ್ಪಿದ ಗಂಟೆಯ ದರವೇ ಅಲ್ಲಿನ ಸಂಬಳದ ಮೇಲ್ಮಿತಿ. ಒಬ್ಬ ಉದ್ಯೋಗಿ ಎಷ್ಟೇ ಜಾಣನಾದರೂ ಯೋಜನೆಯ ದರ ಏರದಿದ್ದರೆ ಅವನ ಸಂಬಳ ಏರಲು ಅವಕಾಶ ಕಡಿಮೆ. ಲಾಭ ಉಳಿಯಬೇಕಾದರೆ ಯೋಜನೆಯ ತಂಡವು ಪಿರಮಿಡ್ಡಿನ ಆಕಾರದಲ್ಲಿರಬೇಕಾಗುತ್ತದೆ: ಮೇಲೆ ಕೆಲವೇ ಅನುಭವಿಗಳು, ತಳದಲ್ಲಿ ಕಡಿಮೆ ಸಂಬಳದ ಹಲವು ಹೊಸಬರು. ಯಾವ ಯೋಜನೆಗೂ ನಿಯೋಜಿತರಾಗದೆ 'ಬೆಂಚ್' ಮೇಲೆ ಕುಳಿತವರಿಂದ ಆದಾಯವಿಲ್ಲದ ಕಾರಣ ಆ ಅವಧಿ ದೀರ್ಘವಾದರೆ ಚರ ವೇತನಕ್ಕೂ ಉದ್ಯೋಗಕ್ಕೂ ಕುತ್ತು ಬರುತ್ತದೆ. ಉತ್ಪನ್ನ ಕಂಪನಿಯ ತರ್ಕ ಬೇರೆ. ಒಮ್ಮೆ ಬರೆದ ತಂತ್ರಾಂಶವನ್ನು ಲಕ್ಷಾಂತರ ಜನರಿಗೆ ಮಾರಬಹುದಾದ್ದರಿಂದ ಆದಾಯವು ತಲೆಗಳ ಎಣಿಕೆಗೆ ಕಟ್ಟುಬಿದ್ದಿರುವುದಿಲ್ಲ. ಹೀಗಾಗಿ ಅಂತಹ ಕಂಪನಿಗಳು ಹೆಚ್ಚು ಸಂಬಳದ ಜೊತೆ ಕಂಪನಿಯ ಷೇರುಗಳನ್ನೂ ಕೊಡುತ್ತವೆ.

ಈ ಎರಡರ ನಡುವೆ ಬೆಳೆದಿರುವುದು ಬಹುರಾಷ್ಟ್ರೀಯ ಬ್ಯಾಂಕು, ಚಿಲ್ಲರೆ ಮಾರಾಟ ಮತ್ತು ವಾಹನ ಕಂಪನಿಗಳು ತಮ್ಮದೇ ಬಳಕೆಗಾಗಿ ನಡೆಸುವ ಜಾಗತಿಕ ಸಾಮರ್ಥ್ಯ ಕೇಂದ್ರಗಳು. ದೇಶದಲ್ಲಿ ಇಂತಹ 1,700ಕ್ಕೂ ಹೆಚ್ಚು ಕೇಂದ್ರಗಳಿವೆ. ಬೆಂಗಳೂರಿನ ಪಾಲು ಎಲ್ಲ ನಗರಗಳಿಗಿಂತ ದೊಡ್ಡದು. ಮಧ್ಯವರ್ತಿ ಕಂಪನಿಯ ಲಾಭಾಂಶ ಇಲ್ಲದಿರುವುದರಿಂದ ಒಂದೇ ಬಗೆಯ ಕೆಲಸಕ್ಕೆ ಇಲ್ಲಿ ಸೇವಾ ಕಂಪನಿಗಿಂತ ಹೆಚ್ಚು ಸಂಬಳ ಸಿಗುವುದು ಸಾಮಾನ್ಯವಾಗಿದೆ.

ಎರಡನೆಯ ಅಂಶ ಉದ್ಯೋಗಿಯ ಹಿಂದಿನ ಸಂಬಳ. ಹೊಸ ಕಂಪನಿಯು ಹಳೆಯ ಕಂಪನಿಯ ವೇತನ ಚೀಟಿಯನ್ನು ಕೇಳಿ, ಅದರ ಮೇಲೆ ಶೇಕಡಾವಾರು ಹೆಚ್ಚಳ ನೀಡುವುದು ರೂಢಿ. ಇದರಿಂದಾಗಿ ಮೊದಲ ಕೆಲಸದ ಕಡಿಮೆ ಸಂಬಳ ಹಲವು ವರ್ಷ ಬೆನ್ನು ಬಿಡುವುದಿಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಅಭ್ಯರ್ಥಿಯ ಹಿಂದಿನ ಸಂಬಳವನ್ನು ಕೇಳುವುದನ್ನು 2018ರಿಂದ ನಿಷೇಧಿಸಲಾಗಿದೆ. ಭಾರತದಲ್ಲಿ ಅಂತಹ ಕಾನೂನಿಲ್ಲ. ಒಂದೇ ಕಂಪನಿಯಲ್ಲಿ ಉಳಿದವರಿಗೆ ವರ್ಷಕ್ಕೊಮ್ಮೆ ಸಿಗುವ ಹೆಚ್ಚಳಕ್ಕಿಂತ ಕಂಪನಿ ಬದಲಿಸಿದವರಿಗೆ ಸಿಗುವ ಹೆಚ್ಚಳ ಬಹಳ ದೊಡ್ಡದಾಗಿರುವುದರಿಂದ, ನಿಷ್ಠೆಗೆ ಈ ಕ್ಷೇತ್ರದಲ್ಲಿ ಬೆಲೆ ಕಡಿಮೆ ಎಂಬ ಮಾತು ನಿರಾಧಾರವಲ್ಲ. ಇದನ್ನು ತಡೆಯಲು ಅನೇಕ ಕಂಪನಿಗಳು 90 ದಿನಗಳ ನೋಟಿಸ್ ಅವಧಿಯನ್ನು ವಿಧಿಸುತ್ತವೆ.

ಕೌಶಲ, ಅನುಭವ, ನಗರ, ಆಂಗ್ಲ ಭಾಷೆಯ ಮೇಲಿನ ಹಿಡಿತ ಮುಂತಾದವೂ ಪರಿಣಾಮ ಬೀರುತ್ತವೆ. ಹತ್ತನೆಯ ತರಗತಿಯಿಂದ ಪದವಿಯವರೆಗೆ ಎಲ್ಲ ಹಂತದಲ್ಲೂ ಶೇ. 60 ಅಂಕ ಇರಬೇಕೆಂಬ ಕ್ಯಾಂಪಸ್ ನೇಮಕಾತಿಯ ಷರತ್ತು ಗ್ರಾಮೀಣ ಭಾಗದ, ಕನ್ನಡ ಮಾಧ್ಯಮದಲ್ಲಿ ಓದಿ ಪಿಯುಸಿಯಲ್ಲಿ ತಡವರಿಸಿದ ವಿದ್ಯಾರ್ಥಿಗಳನ್ನು ಕೆಲಸದ ಅರ್ಹತೆ ಪರೀಕ್ಷೆಯಾಗುವ ಮೊದಲೇ ಹೊರಗಿಡುತ್ತದೆ. ಸಣ್ಣ ನಗರಗಳಲ್ಲಿ ಸಂಬಳ ಕಡಿಮೆಯಾದರೂ ಖರ್ಚೂ ಕಡಿಮೆ. ಹುಬ್ಬಳ್ಳಿಯ ತನ್ನ ಆವರಣಕ್ಕೆ ವರ್ಗವಾಗಲು ಒಪ್ಪುವವರಿಗೆ ಇನ್ಫೋಸಿಸ್ ದರ್ಜೆಗೆ ತಕ್ಕಂತೆ 1.25 ಲಕ್ಷದಿಂದ 8 ಲಕ್ಷ ರೂಪಾಯಿಯವರೆಗೆ ಪ್ರೋತ್ಸಾಹಧನ ಪ್ರಕಟಿಸಿದ್ದು ಉದ್ಯೋಗಿಗಳು ಬೆಂಗಳೂರನ್ನು ಬಿಡಲು ಎಷ್ಟು ಹಿಂಜರಿಯುತ್ತಾರೆ ಎಂಬುದನ್ನೂ ತೋರಿಸುತ್ತದೆ.

ಆರಂಭಿಕ ವೇತನದ ಸ್ಥಗಿತತೆ

2010ರ ದಶಕದ ಆರಂಭದಲ್ಲಿ ದೊಡ್ಡ ಸೇವಾ ಕಂಪನಿಗಳು ಹೊಸ ಎಂಜಿನಿಯರ್‌ಗಳಿಗೆ ವರ್ಷಕ್ಕೆ 3 ಲಕ್ಷದಿಂದ 3.25 ಲಕ್ಷ ರೂಪಾಯಿ ಕೊಡುತ್ತಿದ್ದವು. 2020ರ ದಶಕದ ಮಧ್ಯದಲ್ಲೂ ಇದೇ ಬಗೆಯ ಸಾಮಾನ್ಯ ನೇಮಕಾತಿಯ ಮೊತ್ತ 3.36 ಲಕ್ಷದಿಂದ 3.6 ಲಕ್ಷದ ಆಸುಪಾಸಿನಲ್ಲೇ ಇತ್ತು. ಈ ನಡುವೆ, 2012ನೇ ವರ್ಷವನ್ನು 100 ಎಂದು ಹಿಡಿದ ಗ್ರಾಹಕ ಬೆಲೆ ಸೂಚ್ಯಂಕ 2024ರ ಕೊನೆಯ ಹೊತ್ತಿಗೆ 190ನ್ನು ದಾಟಿತ್ತು. ಅಂದರೆ 2012ರ 3.25 ಲಕ್ಷಕ್ಕೆ ಸಮನಾದ ಕೊಳ್ಳುವ ಶಕ್ತಿ ಪಡೆಯಲು 2024ರಲ್ಲಿ 6 ಲಕ್ಷಕ್ಕೂ ಹೆಚ್ಚು ಬೇಕಾಗಿತ್ತು. ಹೊಸಬರ ನಿಜ ವೇತನ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿದೆ.

ಪ್ರತಿ ವರ್ಷ ಎಂಜಿನಿಯರಿಂಗ್ ಕಾಲೇಜುಗಳಿಂದ ಹೊರಬರುವವರ ಸಂಖ್ಯೆ ಬೇಡಿಕೆಗಿಂತ ಬಹಳ ಹೆಚ್ಚಿರುವುದು ಇದಕ್ಕೆ ಮುಖ್ಯ ಕಾರಣ. ಹೊಸಬರಿಗೆ ಹಲವು ತಿಂಗಳ ತರಬೇತಿ ಕೊಟ್ಟ ನಂತರವೇ ಅವರು ಕೆಲಸಕ್ಕೆ ಬರುತ್ತಾರೆ ಎಂಬುದು ಕಂಪನಿಗಳ ಸಮರ್ಥನೆ. ಇನ್ಫೋಸಿಸ್‌ನ ಮೈಸೂರು ಆವರಣ ಇಂತಹ ತರಬೇತಿಗೆ ಹೆಸರಾಗಿದೆ. ಆದರೆ ಇನ್ಫೋಸಿಸ್‌ನ ಮಾಜಿ ಹಣಕಾಸು ಮುಖ್ಯಸ್ಥ ಟಿ. ವಿ. ಮೋಹನದಾಸ್ ಪೈ ಅವರು 2017ರಲ್ಲಿ, ದೊಡ್ಡ ಕಂಪನಿಗಳು ಪರಸ್ಪರ ಮಾತನಾಡಿಕೊಂಡು ಆರಂಭಿಕ ಸಂಬಳವನ್ನು ಏರದಂತೆ ನೋಡಿಕೊಳ್ಳುತ್ತಿವೆ ಎಂದು ಬಹಿರಂಗವಾಗಿ ಟೀಕಿಸಿದರು. 2024ರಲ್ಲಿ ಎಂಜಿನಿಯರಿಂಗೇತರ ಪದವೀಧರರಿಗೆ ಕಾಗ್ನಿಜೆಂಟ್ ಪ್ರಕಟಿಸಿದ 2.52 ಲಕ್ಷ ರೂಪಾಯಿಯ ವಾರ್ಷಿಕ ವೇತನ ಸಾಮಾಜಿಕ ಜಾಲತಾಣಗಳಲ್ಲಿ ತೀವ್ರ ಟೀಕೆಗೆ ಗುರಿಯಾಯಿತು.

ಇದೇ ಅವಧಿಯಲ್ಲಿ ಮೇಲಿನ ಹಂತದ ಸಂಭಾವನೆ ವೇಗವಾಗಿ ಏರಿದೆ. 2017ರಲ್ಲಿ ಇನ್ಫೋಸಿಸ್ ಸಂಸ್ಥಾಪಕ ಎನ್. ಆರ್. ನಾರಾಯಣ ಮೂರ್ತಿ ಅವರು, ಬಹುಪಾಲು ನೌಕರರಿಗೆ ಒಂದಂಕಿಯ ಹೆಚ್ಚಳ ಸಿಗುತ್ತಿರುವಾಗ ಉನ್ನತ ಅಧಿಕಾರಿಯೊಬ್ಬರಿಗೆ ದೊಡ್ಡ ಹೆಚ್ಚಳ ನೀಡುವುದು ಸರಿಯಲ್ಲವೆಂದು ಆಕ್ಷೇಪಿಸಿದರು. ಅದೇ ಕಂಪನಿಯ ಮುಖ್ಯ ಕಾರ್ಯನಿರ್ವಾಹಕರ ಸಂಭಾವನೆ 2023–24ರಲ್ಲಿ 66 ಕೋಟಿ ರೂಪಾಯಿ ದಾಟಿತ್ತು. ಅದರ ದೊಡ್ಡ ಭಾಗ ಷೇರುಗಳಿಂದ ಬಂದದ್ದು.

2021–22ರ ಏರಿಕೆ ಮತ್ತು ನಂತರದ ಇಳಿಕೆ

ಕೋವಿಡ್ ಕಾಲದಲ್ಲಿ ಡಿಜಿಟಲ್ ಸೇವೆಗಳಿಗೆ ಏಕಾಏಕಿ ಬೇಡಿಕೆ ಬಂದು ಅನುಭವಿಗಳ ಕೊರತೆ ಉಂಟಾಯಿತು. 2022ರ ಜೂನ್ ತ್ರೈಮಾಸಿಕದಲ್ಲಿ ಇನ್ಫೋಸಿಸ್‌ನಲ್ಲಿ ಕೆಲಸ ಬಿಟ್ಟು ಹೋಗುವವರ ವಾರ್ಷಿಕ ಪ್ರಮಾಣ ಶೇ. 28.4ಕ್ಕೆ ಮುಟ್ಟಿತು. ಮೂರು ಕಂಪನಿಗಳ ನೇಮಕಾತಿ ಪತ್ರಗಳನ್ನು ಕೈಯಲ್ಲಿಟ್ಟುಕೊಂಡು ಚೌಕಾಸಿ ಮಾಡುವುದು ಆ ವರ್ಷ ಸಾಮಾನ್ಯ ನೋಟವಾಗಿತ್ತು. ಒಂದು ವರ್ಷದೊಳಗೆ ಗಾಳಿ ತಿರುಗಿತು. 2023ರ ಫೆಬ್ರವರಿಯಲ್ಲಿ ವಿಪ್ರೊ, 6.5 ಲಕ್ಷಕ್ಕೆ ಆಯ್ಕೆಯಾಗಿ ಕಾಯುತ್ತಿದ್ದ ಹೊಸಬರಿಗೆ 3.5 ಲಕ್ಷದ ಕೆಲಸಕ್ಕೆ ಒಪ್ಪಿಕೊಳ್ಳುವ ಆಯ್ಕೆಯನ್ನು ಮುಂದಿಟ್ಟಿತು. 2025ರ ಜುಲೈಯಲ್ಲಿ ಟಿಸಿಎಸ್ ತನ್ನ ಸಿಬ್ಬಂದಿಯ ಸುಮಾರು ಶೇ. 2ರಷ್ಟು, ಅಂದರೆ 12,000ಕ್ಕೂ ಹೆಚ್ಚು ಮಂದಿಯನ್ನು ಕಡಿತಗೊಳಿಸುವುದಾಗಿ ಪ್ರಕಟಿಸಿತು. ಅದರ ಬಿಸಿ ಮುಖ್ಯವಾಗಿ ತಟ್ಟಿದ್ದು ಮಧ್ಯಮ ಮತ್ತು ಹಿರಿಯ ದರ್ಜೆಯವರಿಗೆ. ಮನೆಸಾಲದ ಕಂತು, ಮಕ್ಕಳ ಶಾಲಾ ಶುಲ್ಕದ ಹೊರೆ ಇರುವ ವಯಸ್ಸಿನಲ್ಲಿ, ಅದೇ ಸಂಬಳದ ಮತ್ತೊಂದು ಕೆಲಸ ಹುಡುಕುವುದು ಹೊಸಬರಿಗಿಂತ ಅವರಿಗೆ ಕಷ್ಟ.

ವಿದೇಶದ ನಿಯೋಜನೆ

ಗ್ರಾಹಕರ ದೇಶಕ್ಕೆ ಹೋಗಿ ಕೆಲಸ ಮಾಡುವ 'ಆನ್‌ಸೈಟ್' ಅವಕಾಶ ಬಹುಕಾಲ ಸಂಬಳ ಹೆಚ್ಚಿಸಿಕೊಳ್ಳುವ ಖಚಿತ ದಾರಿಯಾಗಿತ್ತು. ಅಮೆರಿಕದ 1990ರ ಕಾಯ್ದೆಯಡಿ ರೂಪುಗೊಂಡ ಎಚ್-1ಬಿ ವೀಸಾ ಇದರ ಮುಖ್ಯ ಸಾಧನ. ವರ್ಷಕ್ಕೆ 65,000 ಹಾಗೂ ಅಲ್ಲಿಯೇ ಉನ್ನತ ಪದವಿ ಪಡೆದವರಿಗೆ ಮತ್ತೆ 20,000 ವೀಸಾಗಳ ಮಿತಿಯಿದೆ. ಈ ವೀಸಾದಡಿ ಸ್ಥಳೀಯವಾಗಿ ಚಾಲ್ತಿಯಲ್ಲಿರುವ ವೇತನಕ್ಕಿಂತ ಕಡಿಮೆ ಕೊಡುವಂತಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಹೊಸ ಅರ್ಜಿಗಳ ಮೇಲೆ 1,00,000 ಡಾಲರ್ ಶುಲ್ಕ ವಿಧಿಸಿದ ನಂತರ ಈ ದಾರಿ ಇನ್ನಷ್ಟು ಕಿರಿದಾಗಿದೆ.

ಕಾನೂನು ಮತ್ತು ಸಂಘಟನೆ

ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961 ದಿನಕ್ಕೆ 9 ಮತ್ತು ವಾರಕ್ಕೆ 48 ಗಂಟೆಗಳ ಮಿತಿಯನ್ನೂ ಹೆಚ್ಚುವರಿ ದುಡಿಮೆಗೆ ಎರಡು ಪಟ್ಟು ವೇತನವನ್ನೂ ವಿಧಿಸುತ್ತದೆ. ಐಟಿ ಕಂಪನಿಗಳಲ್ಲಿ ಹೆಚ್ಚುವರಿ ಗಂಟೆಗಳಿಗೆ ಪ್ರತ್ಯೇಕ ವೇತನ ಕೊಡುವುದು ವಿರಳ; ಆ ಲೆಕ್ಕದಲ್ಲಿ ನೋಡಿದರೆ ಗಂಟೆಗೆ ಬೀಳುವ ಸಂಬಳ ಕಾಗದದ ಮೇಲಿನದಕ್ಕಿಂತ ಕಡಿಮೆಯೇ. ಸ್ಥಾಯಿ ಆದೇಶಗಳ ಕಾಯ್ದೆಯಿಂದಲೂ ರಾಜ್ಯ ಸರ್ಕಾರ ಈ ಉದ್ಯಮಕ್ಕೆ ಷರತ್ತುಬದ್ಧ ವಿನಾಯಿತಿ ನೀಡುತ್ತಾ ಬಂದಿತ್ತು. 2017ರಲ್ಲಿ ರೂಪುಗೊಂಡ ಕರ್ನಾಟಕ ರಾಜ್ಯ ಐಟಿ ನೌಕರರ ಸಂಘ ಈ ವಿನಾಯಿತಿಯನ್ನು ವಿರೋಧಿಸಿತು. 2024ರ ಜುಲೈಯಲ್ಲಿ ಕೆಲಸದ ಅವಧಿಯನ್ನು ದಿನಕ್ಕೆ 12 ಗಂಟೆಗೂ ಮೀರಿ ವಿಸ್ತರಿಸುವ ಪ್ರಸ್ತಾವ ಬಂದಾಗಲೂ ಅದು ಪ್ರತಿಭಟಿಸಿತು.

ತರಬೇತಿಯ ನಂತರ ನಿಗದಿತ ಅವಧಿಗೆ ಮೊದಲು ಕೆಲಸ ಬಿಟ್ಟರೆ ಹಣ ಕಟ್ಟಬೇಕೆಂಬ ಬಾಂಡ್‌ಗಳ ಸಿಂಧುತ್ವವೂ ವಿವಾದಿತ ವಿಷಯವಾಗಿದೆ. 2025ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ವಿಜಯಾ ಬ್ಯಾಂಕ್ ಪ್ರಕರಣದಲ್ಲಿ ಮೂರು ವರ್ಷಗಳ ಕನಿಷ್ಠ ಸೇವೆ ಮತ್ತು 2 ಲಕ್ಷ ರೂಪಾಯಿ ಪರಿಹಾರದ ಷರತ್ತನ್ನು ಎತ್ತಿಹಿಡಿಯಿತು. ಆ ತೀರ್ಪು ಸಾರ್ವಜನಿಕ ವಲಯದ ಬ್ಯಾಂಕಿನ ನೇಮಕಾತಿ ವೆಚ್ಚವನ್ನು ಆಧರಿಸಿದ್ದು, ಸೇವೆಯಲ್ಲಿದ್ದ ಅಧಿಕಾರಿಯ ರಾಜೀನಾಮೆಗೆ ಸಂಬಂಧಿಸಿದೆ. ಖಾಸಗಿ ಕಂಪನಿಯೊಂದು ಹೊಸಬರಿಂದ ಬರೆಸಿಕೊಂಡ ಬಾಂಡ್‌ನ ವಿಷಯದಲ್ಲಿ, ನಿಗದಿಪಡಿಸಿದ ಮೊತ್ತ ನ್ಯಾಯಸಮ್ಮತವೇ ಎಂಬುದನ್ನು 1872ರ ಭಾರತೀಯ ಕರಾರು ಕಾಯ್ದೆಯ 74ನೇ ಕಲಮಿನಡಿ ಆಯಾ ಪ್ರಕರಣದಲ್ಲೇ ಪರಿಶೀಲಿಸಬೇಕಾಗುತ್ತದೆ.