ಹೋಟೆಲಿನಲ್ಲಿ ಇರುವವರು

ಉದ್ಯಾವರದ ಕಡೆ ಮಗ ಎಲ್ಲಿದ್ದಾನೆಂದು ಕೇಳಿದರೆ ಒಂದು ಕಾಲಕ್ಕೆ ಎಷ್ಟೋ ಮನೆಗಳಲ್ಲಿ ಸಿಗುತ್ತಿದ್ದ ಉತ್ತರ ಒಂದೇ: "ಅವ ಬೊಂಬಾಯಿಯಲ್ಲಿ, ಹೋಟ್ಲಲ್ಲಿ ಇದ್ದಾನೆ." ಕೆಲಸ ಎಂಬ ಶಬ್ದ ಆ ಮಾತಿನಲ್ಲಿ ಇರುತ್ತಿರಲಿಲ್ಲ. ಕೇಳಿದವರಿಗೆ ಅದು ಬೇಕಾಗುತ್ತಲೂ ಇರಲಿಲ್ಲ. ಕರಾವಳಿಯಲ್ಲಿ 'ಹೋಟೆಲಿನಲ್ಲಿ ಇರುವುದು' ಎಂದರೆ ದುಡಿಯುವುದು, ಉಣ್ಣುವುದು, ಮಲಗುವುದು ಎಲ್ಲವೂ ಒಂದೇ ಸೂರಿನಡಿ.

ಮುಂಬಯಿಯ ಅಪೊಲೊ ಬಂದರಿನಲ್ಲಿ ತಾಜ್ ಮಹಲ್ ಹೋಟೆಲಿನ ಒಳಗೆ ಕಾಲಿಟ್ಟಾಗ ನನ್ನ ಮನಸ್ಸಿಗೆ ಬಂದದ್ದು ಈ ಮಾತೇ. ಜಮ್‌ಶೆಟ್‌ಜಿ ಟಾಟಾ ಕಟ್ಟಿಸಿದ ಈ ಹೋಟೆಲಿನ ಬಾಗಿಲು ತೆರೆದದ್ದು 1903ರ ಡಿಸೆಂಬರ್ 16ರಂದು. ಎದುರಿಗಿರುವ ಗೇಟ್‌ವೇ ಆಫ್ ಇಂಡಿಯಾ ಉದ್ಘಾಟನೆಯಾದದ್ದು 1924ರಲ್ಲಿ. ಅಂದರೆ ಹೆಬ್ಬಾಗಿಲಿಗಿಂತ ಹೋಟೆಲೇ ಹಿರಿದು. ಗುಮ್ಮಟದ ಕೆಳಗಿನ ಮೆಟ್ಟಿಲಸಾಲನ್ನು ತಲೆಯೆತ್ತಿ ನೋಡುತ್ತಾ ನಿಂತುಬಿಟ್ಟೆ. ಅಂಥ ಚೆಲುವು ಅದು. ಆರಂಭದ ದಿನಗಳಲ್ಲಿ ಕೋಣೆಗೆ 10 ರೂಪಾಯಿ, ಊಟವೂ ಸೇರಿದರೆ 13 ರೂಪಾಯಿ ಇತ್ತಂತೆ. ಅಲ್ಲಿ ಮೊದಲು ಕೋಣೆ, ಆಮೇಲೆ ಊಟ.

ನಮ್ಮಲ್ಲಿ ಊಟ ತಿಂಡಿಯೇ ಹೋಟೆಲು. ತಂಗುವುದಕ್ಕೆ 'ಲಾಡ್ಜ್' ಎಂಬ ಬೇರೆ ಶಬ್ದವನ್ನೇ ತಂದುಕೊಂಡೆವು. ಮಾಟುಂಗದಲ್ಲಿ ಎ. ರಾಮ ನಾಯಕರು 1942ರಲ್ಲಿ ಆರಂಭಿಸಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿಗೆ ಇವತ್ತಿಗೂ ಜನ ಹೋಗುವುದು ಎಲೆಯ ಮುಂದೆ ಕೂರುವುದಕ್ಕೆ. ಎರಡೂ ಅರ್ಥಗಳನ್ನು ಒಂದೇ ಮನೆಗೆ ತಂದವರು ಕಡಂದಲೆಯ ಕೆ. ಕೃಷ್ಣರಾಯರು. ಅಡುಗೆಮನೆಯ ಕೆಲಸದಿಂದ ಮೇಲೆ ಬಂದ ಅವರು 1938ರಲ್ಲಿ ಮದರಾಸಿನ ರಾಯಪೇಟೆಯ ಬಂಗಲೆಯೊಂದನ್ನು ಗುತ್ತಿಗೆಗೆ ಹಿಡಿದು ವುಡ್‌ಲ್ಯಾಂಡ್ಸ್ ನಡೆಸಿದರು. ಅಲ್ಲಿ ದೋಸೆಯೂ ಸಿಗುತ್ತಿತ್ತು, ಕೋಣೆಯೂ ಸಿಗುತ್ತಿತ್ತು.

ಹೋಟೆಲ್, ಹಾಸ್ಟೆಲ್, ಹಾಸ್ಪಿಟಲ್ ಮೂರೂ ಒಂದೇ ಲ್ಯಾಟಿನ್ ಬೇರಿನವು. ಆ ಬೇರಿನ ಶಬ್ದಕ್ಕೆ ಅತಿಥಿ ಎಂಬ ಅರ್ಥವೂ ಇತ್ತು, ಆತಿಥೇಯ ಎಂಬ ಅರ್ಥವೂ ಇತ್ತು. ಇಂಗ್ಲಿಷಿನಲ್ಲಿ ಹೋಟೆಲಿನಲ್ಲಿ ಇರುವವನು ಅತಿಥಿ. ನಮ್ಮ ಮಾತು ಇನ್ನೊಂದು ದಡ ಹಿಡಿಯಿತು. ಇಲ್ಲಿ ಹೋಟೆಲಿನಲ್ಲಿ ಇರುವವನು ಬಡಿಸುವ ಮಾಣಿ. ರಾತ್ರಿ ಬಾಗಿಲು ಹಾಕಿದ ಮೇಲೆ ಮೇಜು ಸರಿಸಿದ ಜಾಗವೇ ಅವನ ಕೋಣೆ. ಎಷ್ಟೋ ಹುಡುಗರು ಅದಕ್ಕೂ ಮುಂಚೆ ಮುಂಬಯಿಯ ಕನ್ನಡ ರಾತ್ರಿಶಾಲೆಗೆ ಹೋಗಿ ಕೂತು ಮೆಟ್ರಿಕ್ ಓದಿದರು. ಬೆಳಿಗ್ಗೆ ಮತ್ತೆ ಗ್ಲಾಸು ತೊಳೆಯಬೇಕಿತ್ತು. ಅವರ ಮನಿಯಾರ್ಡರಿನಿಂದ ಊರಿನಲ್ಲಿ ಹೆಂಚು ಹೊದೆದ ಮನೆಗಳೆದ್ದವು, ತಂಗಿಯರ ಮದುವೆ ನಡೆಯಿತು. 'ಹೋಟೆಲ್ ಮಾಣಿ' ಎಂದು ಯಾರಾದರೂ ಹಗುರವಾಗಿ ಅಂದರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಮಣಿಪಾಲದಲ್ಲಿ 1980ರ ದಶಕದಿಂದ ಹೋಟೆಲ್ ಆಡಳಿತದ ಕಾಲೇಜಿದೆ. ಅಲ್ಲಿ ಕಲಿತವರಿಗೆ ತಾಜ್‌ನಂಥ ಹೋಟೆಲುಗಳಲ್ಲಿ ಹುದ್ದೆ ಸಿಗುತ್ತದೆ, ಬಿಳಿ ಕೋಟು ಸಿಗುತ್ತದೆ. ಅವರ ಅಮ್ಮಂದಿರೂ "ಅವ ಹೋಟೆಲಿನಲ್ಲಿ ಇದ್ದಾನೆ" ಅನ್ನುತ್ತಾರೆ. ನಿಘಂಟು ಮಾಡುವವರು 'ಹೋಟೆಲು' ಶಬ್ದದ ಕೆಳಗೆ ಉಪಾಹಾರಗೃಹ, ವಸತಿಗೃಹ ಎಂದು ಬರೆದ ಮೇಲೆ ಈ ತಾಯಂದಿರ ಅರ್ಥವನ್ನೂ ಒಂದು ಸಾಲಿನಲ್ಲಿ ಸೇರಿಸಬೇಕು.