ಹಂದಿಮಾಂಸದ ಅಡುಗೆಯೂ ಕೋಯಂಬೇಡಿನ ತರಕಾರಿಯೂ: ಲಾಡಿಹುಳುವಿನ ಬಗ್ಗೆ ತಿಳಿದಿರಬೇಕಾದ ಸಂಗತಿಗಳು

ಕೊಡಗಿನ ಪಂದಿ ಕರಿ ಹಾಗೂ ಮಂಗಳೂರು ಕ್ರೈಸ್ತರ ಹಂದಿಮಾಂಸದ ಬಫಾತ್ ಕನ್ನಡ ನಾಡಿನ ಹೆಸರಾಂತ ಅಡುಗೆಗಳು. ಚೆನ್ನೈಯಲ್ಲಿ ನೆಲೆಸಿರುವ ನಮ್ಮವರಲ್ಲಿ ಇವನ್ನು ಸವಿಯುವವರೂ ಉಂಟು, ಮಾಂಸವನ್ನೇ ಮುಟ್ಟದವರೂ ಉಂಟು. ಹಂದಿಯ ಲಾಡಿಹುಳುವಿನ ವಿಚಾರ ಮೊದಲನೆಯವರಿಗೆ ಮಾತ್ರ ಸಂಬಂಧಿಸಿದ್ದೆಂದು ಅನೇಕರು ಭಾವಿಸುತ್ತಾರೆ. ವಾಸ್ತವ ಹಾಗಿಲ್ಲ.

ರೋಗ ಬರುವ ಎರಡು ದಾರಿಗಳು

ಈ ಹುಳುವಿನ ಶಾಸ್ತ್ರೀಯ ನಾಮ ಟೀನಿಯಾ ಸೋಲಿಯಂ. ಇದರ ಮರಿಗಳು ಹಂದಿಯ ಸ್ನಾಯುಗಳಲ್ಲಿ ಸಣ್ಣ ಬಿಳಿ ಗುಳ್ಳೆಗಳಾಗಿ ಅಡಗಿರುತ್ತವೆ. ಅರೆಬೆಂದ ಮಾಂಸದೊಡನೆ ಗುಳ್ಳೆ ಹೊಟ್ಟೆ ಸೇರಿದರೆ, ಕರುಳಿನಲ್ಲಿ ಹಲವು ಮೀಟರ್ ಉದ್ದದ ಹುಳುವಾಗಿ ಬೆಳೆಯುತ್ತದೆ. ಇದು ಮೊದಲನೆಯ ದಾರಿ.

ಹುಳುವಿರುವ ಮನುಷ್ಯನ ಮಲದಲ್ಲಿ ಅದರ ಮೊಟ್ಟೆಗಳು ಹೊರಬೀಳುತ್ತವೆ. ಕೊಳೆ ನೀರು, ತೊಳೆಯದ ಕೈ ಅಥವಾ ಹಸಿ ತರಕಾರಿಯ ಮೂಲಕ ಇವು ಮತ್ತೊಬ್ಬರ ಹೊಟ್ಟೆ ಸೇರಿದಾಗ, ಮರಿಗಳು ರಕ್ತದೊಡನೆ ಸಾಗಿ ಸ್ನಾಯು, ಕಣ್ಣು, ಮಿದುಳುಗಳಲ್ಲಿ ಗುಳ್ಳೆಗಳಾಗುತ್ತವೆ. ಮಿದುಳಿನ ಗುಳ್ಳೆಗಳಿಂದ ಮೂರ್ಛೆರೋಗ ಬರುತ್ತದೆ. ಈ ಹುಳು ಬೇರೂರಿರುವ ಪ್ರದೇಶಗಳಲ್ಲಿ ಮೂರ್ಛೆರೋಗದ ಸುಮಾರು ಶೇ. 30ರಷ್ಟು ಪ್ರಕರಣಗಳಿಗೆ ಇದೇ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಶುದ್ಧ ಸಸ್ಯಾಹಾರಿಗಳಿಗೂ ಈ ರೋಗ ತಗಲುವುದು ಈ ಎರಡನೆಯ ದಾರಿಯಿಂದ.

ಮಾಂಸ ಬೇಯಿಸುವವರಿಗೆ

ಅಕ್ಕಿಕಾಳಿನಂಥ ಬಿಳಿ ಗುಳ್ಳೆಗಳು ಕಂಡ ಮಾಂಸವನ್ನು ಕೊಳ್ಳಬಾರದು. ಅವು ಕಾಣದಿದ್ದ ಮಾತ್ರಕ್ಕೆ ಮಾಂಸ ನಿರ್ದೋಷಿಯೆಂದೂ ಅಲ್ಲ. ತುಂಡುಗಳ ಒಳಭಾಗವು 71 ಡಿಗ್ರಿ ಸೆಲ್ಸಿಯಸ್ ಮುಟ್ಟುವಂತೆ ಬೇಯಿಸಿದರೆ ಗುಳ್ಳೆಗಳೂ ಸಾಲ್ಮೊನೆಲ್ಲಾದಂಥ ರೋಗಾಣುಗಳೂ ಸಾಯುತ್ತವೆ. ಸಣ್ಣ ತುಂಡುಗಳನ್ನು ಕುದಿಯುವ ಮಸಾಲೆಯಲ್ಲಿ ಮೆತ್ತಗಾಗುವವರೆಗೆ ಬೇಯಿಸುವ ನಮ್ಮ ಪದ್ಧತಿಯಲ್ಲಿ ಈ ಶಾಖ ಸುಲಭವಾಗಿ ದೊರೆಯುತ್ತದೆ. ದೊಡ್ಡ ತುಂಡನ್ನು ಕೆಂಡದಲ್ಲಿ ಸುಡುವಾಗ ಹೆಚ್ಚಿನ ಎಚ್ಚರ ಬೇಕು. ಪಂದಿ ಕರಿಗೆ ಬೆರೆಸುವ ಕಾಚಂಪುಳಿಯಾಗಲಿ, ಉಪ್ಪಿನಕಾಯಿಯ ಹುಳಿಯಾಗಲಿ, ರುಚಿ ಕೊಡಬಲ್ಲವೇ ಹೊರತು ಬೇಯಿಸುವುದಕ್ಕೆ ಬದಲಿಯಲ್ಲ.

ಹಸಿ ಮಾಂಸಕ್ಕೆ ಪ್ರತ್ಯೇಕ ಚಾಕು, ಮಣೆ ಇರಲಿ. ಬೆಂದ ಪದಾರ್ಥವನ್ನು ಎರಡು ಗಂಟೆಗಿಂತ ಹೆಚ್ಚು ಹೊರಗಿಡಬಾರದು. ಚೆನ್ನೈಯ ಕಡುಬೇಸಿಗೆಯಲ್ಲಿ ಒಂದೇ ಗಂಟೆ ಸಾಕು.

ತರಕಾರಿ ಕೊಳ್ಳುವವರಿಗೆ

1996ರಲ್ಲಿ ಕೊತ್ತವಾಲ್ ಚಾವಡಿಯಿಂದ ಸ್ಥಳಾಂತರಗೊಂಡ ಕೋಯಂಬೇಡಿನ ಸಗಟು ಮಾರುಕಟ್ಟೆಗೆ ಕೋಲಾರದ ಟೊಮೇಟೊ, ನೀಲಗಿರಿಯ ಕ್ಯಾರೆಟ್ ಮುಂತಾದವು ದೂರದಿಂದ ಬರುತ್ತವೆ. ಅಲ್ಲಿನ ತರಕಾರಿ ಕಲುಷಿತವೆಂಬುದು ನಮ್ಮ ಅಭಿಪ್ರಾಯವಲ್ಲ. ಯಾವ ನೀರು ಕುಡಿದು ಬೆಳೆದು, ಎಷ್ಟು ಕೈ ದಾಟಿ ಬಂದಿದೆಯೆಂಬುದು ಯಾವ ಮಾರುಕಟ್ಟೆಯ ತರಕಾರಿಯನ್ನು ನೋಡಿದರೂ ತಿಳಿಯುವುದಿಲ್ಲ, ಅಷ್ಟೆ.

ಎಲೆಕೋಸಿನ ಹುಳು ಮಿದುಳಿಗೆ ಏರುತ್ತದೆ ಎಂಬ ನಂಬಿಕೆ ನಮ್ಮ ಮನೆಗಳಲ್ಲಿ ಪ್ರಚಲಿತ. ಎಲೆಗಳ ನಡುವೆ ಕಾಣುವ ಹಸಿರು ಹುಳುಗಳು ಪತಂಗದ ಅಥವಾ ಚಿಟ್ಟೆಯ ಮರಿಗಳು. ಅವಕ್ಕೂ ಈ ರೋಗಕ್ಕೂ ಸಂಬಂಧವಿಲ್ಲ. ಲಾಡಿಹುಳುವಿನ ಮೊಟ್ಟೆಗಳು ಬರಿಗಣ್ಣಿಗೆ ಕಾಣುವುದೇ ಇಲ್ಲ. ಆದುದರಿಂದ ಎಲೆಗಳನ್ನು ಬಿಡಿಸಿ, ಹರಿಯುವ ನೀರಿನಲ್ಲಿ ಉಜ್ಜಿ ತೊಳೆಯಬೇಕು. ಉಪ್ಪುನೀರಿನಲ್ಲಿ ನೆನೆಸಿದರೆ ಮೊಟ್ಟೆಗಳು ಸಾಯುತ್ತವೆಂದು ನಂಬುವಂತಿಲ್ಲ. ಕೋಸಂಬರಿಗೆ ಬಳಸುವ ಸೌತೆ, ಕ್ಯಾರೆಟ್‌ಗಳನ್ನು ತೊಳೆದು ಸಿಪ್ಪೆ ತೆಗೆಯುವುದು ಕ್ಷೇಮ. ಬೇಯಿಸಿದ ತರಕಾರಿಯಿಂದ ಭಯವಿಲ್ಲ.

ವೈದ್ಯರನ್ನು ಕಾಣುವುದು

ಹಿಂದೆಂದೂ ಇಲ್ಲದವರಿಗೆ ಸೆಳೆತ ಬಂದರೆ, ಬಹುಕಾಲ ತಲೆನೋವು ಕಾಡಿದರೆ, ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು. ಸ್ಕ್ಯಾನ್ ಮೂಲಕ ಗುಳ್ಳೆಗಳನ್ನು ಗುರುತಿಸಬಹುದು, ಚಿಕಿತ್ಸೆಯೂ ಇದೆ. ಆದರೆ ಇಂಥ ಲಕ್ಷಣಗಳಿರುವಾಗ ಜಂತುಹುಳುವಿನ ಮಾತ್ರೆಯನ್ನು ತಾವೇ ಕೊಂಡು ನುಂಗುವುದು ಅಪಾಯ. ಗುಳ್ಳೆಗಳು ಸಾಯುವಾಗ ಮಿದುಳಿನಲ್ಲಿ ಬಾವು ಹೆಚ್ಚಬಹುದು. ಮೂರ್ಛೆ ಬಂದ ಮಗುವನ್ನು ಮುಚ್ಚಿಡುವ ಸಂಕೋಚವನ್ನೂ ನಾವು ಬಿಡಬೇಕು.

ಮನೆಯಲ್ಲಿ ಹಂದಿಮಾಂಸ ಬೇಯಲಿ, ಬೇಯದಿರಲಿ, ಶೌಚದ ನಂತರ ಮತ್ತು ಅಡುಗೆಗೆ ಮುನ್ನ ಸಾಬೂನಿನಿಂದ ಕೈ ತೊಳೆಯುವ ಅಭ್ಯಾಸವೇ ಎಲ್ಲರಿಗೂ ಸಮಾನವಾದ ರಕ್ಷಣೆ.